ರಾಣಿಯ ಅಳು ಯಾರ ಪಾಲು

ಕಾವ್ಯ ಓದುವ ಸಭೆಯ ಗೋಡೆಯ ಮೇಲೆ, ಸ್ಥಾಪಕರ ಚಿತ್ರದ ಕೆಳಗೆ, ನಿಯಮಗಳನ್ನು ಬರೆದ ಮರದ ಹಲಗೆಯೊಂದಿತ್ತು. ಪಾದರಕ್ಷೆ ಹೊರಗೆ ಬಿಡಬೇಕು. ಕೆಮ್ಮು ಬಂದವರು ಪದ್ಯ ಮುಗಿಯುವವರೆಗೆ ತಡೆದುಕೊಳ್ಳಬೇಕು, ಆಗದಿದ್ದರೆ ಎದ್ದು ಹೋಗಬೇಕು. ಮಧ್ಯದಲ್ಲಿ ಯಾರೂ ಅರ್ಥ ಕೇಳಬಾರದು. ಎಲ್ಲಕ್ಕಿಂತ ಕೊನೆಯ ನಿಯಮ ಸ್ವಲ್ಪ ಉದ್ದವಾಗಿತ್ತು:

‘ಕಾವ್ಯದ ರಾಣಿಯ ಮಾತನ್ನು ಗಂಡಸರೇ ಓದತಕ್ಕದ್ದು. ಹೆಂಗಸು ಓದಿದಲ್ಲಿ ನಿಜವಾಗಿಯೂ ಅತ್ತುಬಿಡುವಳು. ಅತ್ತಲ್ಲಿ ಛಂದಸ್ಸು ಕೆಡುವುದು. ಗಂಡಸು ಅಳುವವನಲ್ಲವಾದ್ದರಿಂದ ಅಳುವನ್ನು ಶುದ್ಧವಾಗಿ ಓದಬಲ್ಲನು.’

ಈ ನಿಯಮವನ್ನು ಯಾರೂ ಪ್ರಶ್ನಿಸಿರಲಿಲ್ಲ. ಪದ್ಯವನ್ನು ನಂಬಿದವರು ಹಲಗೆಯನ್ನೂ ನಂಬುತ್ತಾರೆ. ಗಂಡಸರು ಮುಂದೆ ಕುರ್ಚಿಗಳಲ್ಲಿ ಕೂರುತ್ತಿದ್ದರು, ಹೆಂಗಸರು ಹಿಂದೆ ಕಿಟಕಿಯ ಪಕ್ಕದ ಬೆಂಚುಗಳಲ್ಲಿ. ಆಸ್ಪತ್ರೆಯ ಮೆಟ್ಟಿಲ ಮೇಲೆ, ಬಚ್ಚಲ ಬಾಗಿಲು ಹಾಕಿಕೊಂಡು, ಒಗೆದ ಬಟ್ಟೆ ಹಿಂಡುತ್ತ, ಹೀಗೆ ಎಲ್ಲೆಲ್ಲೋ ಅತ್ತು ಬಂದ ಆ ಹೆಂಗಸರು, ಹೆಂಗಸು ಅಳುವುದು ಹೇಗೆಂದು ಪ್ರತಿ ವಾರ ಒಬ್ಬ ಗಂಡಸಿನಿಂದ ಕೇಳಿ ತಿಳಿದುಕೊಂಡು ಮನೆಗೆ ಹೋಗುತ್ತಿದ್ದರು. ತಾವು ಅಳುವಾಗ ಮೂಗು ಸೋರುವುದು, ರಾಣಿಗೆ ಮಾತ್ರ ಸೋರದಿರುವುದು ಕೆಲವರಿಗೆ ತಮ್ಮದೇ ಕೊರತೆಯಾಗಿ ಕಂಡದ್ದೂ ಉಂಟು.

ರಾಣಿಯ ಮಾತು ಓದುತ್ತಿದ್ದವನು ಪೇಟೆ ಬೀದಿಯ ಬೀಗ ರಿಪೇರಿಯವನು. ಅಗಲ ಭುಜ, ತುಟಿ ಮುಚ್ಚುವ ಮೀಸೆ, ಅರ ಉಜ್ಜಿ ಉಜ್ಜಿ ಕಪ್ಪಾದ ಬೆರಳುಗಳು. ಓದುವ ಹೊತ್ತಿಗೆ ಕಂದು ಬಣ್ಣದ ಒಂದು ಶಾಲನ್ನು ತಲೆಯ ಮೇಲಿನಿಂದ ಹೊದ್ದುಕೊಂಡರೆ ಸಾಕು, ಅಷ್ಟು ದೊಡ್ಡ ಆಳು ಕುಗ್ಗಿ ಸಣ್ಣವನಾಗುತ್ತಿದ್ದ. ಶಾಲಿನೊಳಗಿನಿಂದ ತೆಳ್ಳನೆಯ ದನಿಯೊಂದು ಹೊರಡುತ್ತಿತ್ತು. ಊರಿನವರು ಅವನನ್ನು ರಾಣಿಯವರು ಎಂದೇ ಕರೆಯುತ್ತಿದ್ದರು. ಅದರಲ್ಲಿ ಕುಹಕವಿರಲಿಲ್ಲ. "ರಾಣಿಯವರೇ, ಕೀಲಿ ಒಳಗೇ ಮುರಿದುಹೋಗಿದೆ, ಸ್ವಲ್ಪ ಬರ್ತೀರಾ?" ಎಂದು ಕೇಳುತ್ತಿದ್ದರು. ಅವನೂ ಮೀಸೆ ಒರೆಸಿಕೊಂಡು, ಚೀಲ ತೆಗೆದುಕೊಂಡು ಹೊರಡುತ್ತಿದ್ದ.

ಹೋದ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅವನ ಹೆಂಡತಿ ತೀರಿಕೊಂಡಳು.

ಆ ದಿನ ಅವನು ಬಹಳ ಚೆನ್ನಾಗಿ ನಡೆದುಕೊಂಡ. ಬಂದವರಿಗೆ ಕುರ್ಚಿ ಹಾಕಿಸಿದ. ಗಾಡಿ ಗೊತ್ತು ಮಾಡಿದ. ಅಳುತ್ತಿದ್ದ ಮಗನ ಬೆನ್ನು ತಟ್ಟಿ, ನೀರು ಕುಡಿಸಿ, ಹೋಗಿ ಮುಖ ತೊಳಿ ಎಂದ. "ಗಂಡಸು ಅಂದ್ರೆ ಹೀಗಿರ್ಬೇಕು ನೋಡ್ರಿ, ಒಂದು ಹನಿ ಕಣ್ಣೀರು ಹಾಕ್ಲಿಲ್ಲ" ಎಂದು ಯಾರೋ ಅವನ ಕಿವಿಗೇ ಬೀಳುವಂತೆ ಹೊಗಳಿದರು. ಹೊಗಳಿಕೆ ಬಿದ್ದ ಮೇಲೆ ಅಳುವ ದಾರಿ ಮುಚ್ಚಿತು. ಎಲ್ಲರ ಮನೆಯ ಬೀಗ ತೆಗೆಯುವವನಿಗೂ ಆ ಒಂದನ್ನು ತೆಗೆಯಲು ಬರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು. ಮನೆಯಲ್ಲಿ ಮಗ, ಸೊಸೆ. ಬಚ್ಚಲಲ್ಲಿ ನಿಂತು ನೋಡಿದ. ಅಲ್ಲಿ ಕನ್ನಡಿ ಇತ್ತು, ಕನ್ನಡಿಯಲ್ಲಿ ಮೀಸೆ ಇತ್ತು.

ಹೀಗೇ ದಿನ ಕಳೆದು, ಒಂದು ವಾರದ ಸಭೆಯಲ್ಲಿ ಶಾಲು ಹೊದ್ದು ಕೂತಾಗ, ರಾಜ ಯುದ್ಧದಿಂದ ಬರಲಿಲ್ಲವೆಂಬ ಭಾಗ ಬಂತು. ಸಂಜೆಯಾಗಿದೆ. ರಾಣಿ ಬಾಗಿಲಲ್ಲಿ ನಿಂತಿದ್ದಾಳೆ.

‘ಅಗುಳಿಯನು ಇಡಲೆ ನಾ ಇಡದೆ ಕಾಯಲೆ ದೊರೆಯೆ
ಬರುವವರು ಯಾರುಂಟು ಕತ್ತಲಿನ ಮನೆಗಿನ್ನು’

ಬೀಗದವನ ಹೆಂಡತಿ ಅವನು ಬರುವ ತನಕ ಬಾಗಿಲಿಗೆ ಅಗುಳಿ ಇಡುತ್ತಿರಲಿಲ್ಲ. ಅವನು ಒಳಗೆ ಬಂದು ಚೀಲ ಇಳಿಸಿ "ಹಾಕು" ಅನ್ನಬೇಕು, ಅವಳು ಹಾಕಬೇಕು. ಈಗ ಅವನೇ ಹಾಕುತ್ತಿದ್ದ. ಪದ್ಯವನ್ನು ಎಷ್ಟೋ ವರ್ಷಗಳಿಂದ ಓದಿದ್ದರೂ ಅದರಲ್ಲಿ ಅಗುಳಿ ಇದೆಯೆಂಬುದು ಅವನ ಗಮನಕ್ಕೆ ಬಂದದ್ದು ಆಗಲೇ. ‘ಕಾಯಲೆ’ ಎನ್ನುವವರೆಗೆ ಬಂದ. ‘ದೊರೆಯೆ’ ಬರಲಿಲ್ಲ. ಶಾಲಿನೊಳಗೆ ಏನೋ ಒಡೆಯಿತು. ಅವನು ಅತ್ತ, ಅಳುತ್ತಲೇ ಮುಂದಿನ ಸಾಲು ಹಿಡಿದ.

ಸಭೆಗೆ ಸಭೆಯೇ ತಲೆದೂಗಿತು. "ಏನು ಓದು ಅಂತೀರಿ! ನಿಜವಾಗಿ ಅಳ್ತಿದ್ದಾರೇನೋ ಅನ್ನಿಸ್ಬಿಡ್ತು!"

ಒಬ್ಬ ಮಾತ್ರ ತಲೆದೂಗಲಿಲ್ಲ. ಮೊದಲ ಸಾಲಿನ ಮೂಲೆಯಲ್ಲಿ ಕೂರುತ್ತಿದ್ದ ಮುದುಕ. ಪದ್ಯ ನಡೆಯುವಷ್ಟು ಹೊತ್ತೂ ಅವನು ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣು ಮುಟ್ಟುತ್ತ ಮಾತ್ರೆ ಎಣಿಸುತ್ತಿದ್ದ. ಹಾಗಾಗಿ ಎಲ್ಲರಿಗೂ ಅವನು ಬೆರಳಜ್ಜ. ಆ ಸಾಲಿನಲ್ಲಿ ಅವನ ಹೆಬ್ಬೆರಳು ಹೋಗಬೇಕಾದ ಗೆಣ್ಣಿಗೆ ಹೋಗದೆ ಗಾಳಿಯಲ್ಲಿ ನಿಂತಿತು.

ಮುಂದಿನ ವಾರವೂ ಅದೇ. ಅದರ ಮುಂದಿನ ವಾರವೂ. ಬೀಗದವನು ವಾರವಿಡೀ ಒಣಗಣ್ಣಿನಲ್ಲಿ ತಿರುಗಾಡಿ, ಸಭೆಯ ದಿನ ಬರುವುದನ್ನೇ ಕಾದು, ಶಾಲಿನೊಳಗೆ ಹೊಕ್ಕು, ತನ್ನ ಪಾಲಿನದನ್ನು ಅತ್ತು, ಹಗುರಾಗಿ ಮನೆಗೆ ಹೋಗುತ್ತಿದ್ದ. ಊರಿನಲ್ಲಿ ಅವನಿಗೆ ಅಳಲು ಇದ್ದ ಜಾಗ ಅದೊಂದೇ.

ಬೆರಳಜ್ಜ ಕಾರ್ಯದರ್ಶಿಗೆ ದೂರು ಕೊಟ್ಟ. ಕಾರ್ಯದರ್ಶಿ ಕನ್ನಡಕದ ಅಂಗಡಿಯ ಯಜಮಾನ, ನಡುವಯಸ್ಸಿನ ಉತ್ಸಾಹಿ, ಸಭೆಯನ್ನು ಹೊಸಕಾಲಕ್ಕೆ ತರಬೇಕೆಂಬ ಹಂಬಲದವನು.

"ಮೂರು ಮಾತ್ರೆ ಬೀಳ್ತಾ ಇದೆ" ಎಂದ ಬೆರಳಜ್ಜ.

"ಎಲ್ಲಿ?"

"ಒಂದೇ ಜಾಗದಲ್ಲಿ. ದೊರೆ ಬರ್ತಾನೇ ಇಲ್ಲ."

"ಸತ್ತಿದ್ದಾನಲ್ಲ ಅಜ್ಜ, ಎಲ್ಲಿಂದ ಬರ್ತಾನೆ?"

"ತಮಾಷೆ ಬೇಡ. ಸತ್ತ ದೊರೆ ಸತ್ತಿರ್ಲಿ, ಪದದಲ್ಲಿರೋ ದೊರೆ ಬರ್ಬೇಕು."

ಬೀಗದವನನ್ನು ಕರೆಸಿದರು. ಸಭೆಯ ಹಿಂದಿನ ಸಣ್ಣ ಕೋಣೆ, ನಾಲ್ಕೈದು ಜನ, ಮೇಜಿನ ಮೇಲೆ ಚಹಾ. ಏನಾಗುತ್ತಿದೆ ಎಂದು ಕೇಳಿದರು. ಬೀಗದವನು ಬಾಯಿ ತೆರೆದ. ತೆರೆದ ಬಾಗಿಲಿನಾಚೆ ಹಲಗೆ ಕಾಣುತ್ತಿತ್ತು. ಗಂಡಸು ಅಳುವವನಲ್ಲವಾದ್ದರಿಂದ. ಅತ್ತೆನೆಂದರೆ ಆ ಜಾಗ ಅಲ್ಲಿಗೇ ಹೋಯಿತು.

"ಹಲ್ಲು" ಎಂದ.

ಎಲ್ಲರಿಗೂ ಸಮಾಧಾನವಾಯಿತು. ಹಲ್ಲಿಗೆ ಮದ್ದುಂಟು. "ಮೊದ್ಲೇ ಹೇಳ್ಬಾರ್ದಾ ಮಾರಾಯರೇ, ನಾವೇನೋ ಅಂದ್ಕೊಂಡಿದ್ವಿ" ಎಂದ ಕಾರ್ಯದರ್ಶಿ, ಮರುದಿನವೇ ತಾನೇ ಮುಂದೆ ನಿಂತು ಹಲ್ಲಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದ.

ಡಾಕ್ಟರು ಬಾಯಿಗೆ ದೀಪ ಹಿಡಿದು ನೋಡಿದರು. "ಕಲ್ಲು ಕಡೀಬಹುದು ನೀವು. ಯಾವುದು ತೊಂದರೆ ಕೊಡ್ತಿರೋದು?"

ಕಾರ್ಯದರ್ಶಿ ಕುರ್ಚಿಯ ಹಿಂದೆಯೇ ನಿಂತಿದ್ದ. ಬೀಗದವನು ಮೇಲಿನ ಸಾಲಿನಲ್ಲಿ ಒಂದನ್ನು ತೋರಿಸಿದ.

"ಇದಾ? ಇದು ಚೆನ್ನಾಗಿದೆಯಲ್ರೀ."

"ಅದೇ" ಎಂದ ಬೀಗದವನು.

ಗಟ್ಟಿ ಹಲ್ಲು, ಸುಲಭಕ್ಕೆ ಬರಲಿಲ್ಲ. ಕಿತ್ತು ಮುಗಿದಾಗ ಬೀಗದವನ ಎರಡೂ ಕಣ್ಣುಗಳಿಂದ ನೀರು ಇಳಿಯುತ್ತಿತ್ತು. "ಅಳಿ, ಅಳಿ, ನಾಚಿಕೊಳ್ಬೇಡಿ. ಈ ಕುರ್ಚಿಲಿ ಪೈಲ್ವಾನರೂ ಅತ್ತಿದ್ದಾರೆ" ಎಂದರು ಡಾಕ್ಟರು. ಇಂಥ ಜಾಗವೂ ಒಂದಿದೆಯೆಂದು ಬೀಗದವನಿಗೆ ಗೊತ್ತಿರಲಿಲ್ಲ. ಬಾಯಲ್ಲಿ ಇನ್ನೂ ಎಷ್ಟು ಉಳಿದಿವೆಯೆಂದು ನಾಲಿಗೆಯಿಂದ ಮೆಲ್ಲಗೆ ತಡವಿ ನೋಡಿಕೊಂಡ.

ಮನೆಗೆ ಬಂದಾಗ ಸೊಸೆ ಊದಿದ ಕೆನ್ನೆ ನೋಡಿ ಬೆಚ್ಚಿಬಿದ್ದಳು. "ಯಾಕೆ ಮಾವ ಕೀಳಿಸಿಕೊಂಡ್ರಿ? ನಿನ್ನೆ ತಾನೇ ಒಣಗಿದ ಬ್ರೆಡ್ಡಿನ ಅಂಚು ಕಟಕಟ ಅಂತ ಕಡೀತಿದ್ರಿ!"

ಮಾವ ಕೆನ್ನೆ ಹಿಡಿದುಕೊಂಡು ಕೈಯಾಡಿಸಿದ. ಮಾತಾಡದಿರಲು ಹಲ್ಲು ಒಳ್ಳೆಯ ನೆಪ.

ಹಲ್ಲು ಹೋದದ್ದರಿಂದ ಪದ್ಯಕ್ಕೇನೂ ಲಾಭವಾಗಲಿಲ್ಲ. ದೊರೆ ಆಗಲೂ ಬರಲಿಲ್ಲ. ಮೇಲಾಗಿ, ರಾಣಿ ‘ಸಂಜೆ’ ‘ಸೂರ್ಯ’ ಎಂದಾಗಲೆಲ್ಲ ಸಂದಿಯಿಂದ ಸಣ್ಣದೊಂದು ಸಿಳ್ಳು ಹೊರಡತೊಡಗಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಬೆರಳಜ್ಜ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಎಣಿಸುವುದನ್ನೇ ನಿಲ್ಲಿಸಿದ. ಅವನ ಮಟ್ಟಿಗೆ ಅದು ಸಭಾತ್ಯಾಗಕ್ಕೆ ಸಮ.

ಕಾರ್ಯದರ್ಶಿ ಬಹುಕಾಲದಿಂದ ಎದೆಯಲ್ಲಿಟ್ಟುಕೊಂಡಿದ್ದ ಮಾತನ್ನು ಆಗ ಹೊರಗೆ ತೆಗೆದ. "ಕಾಲ ಬದಲಾಗಿದೆ. ಹೆಂಗಸಿನ ಮಾತು ಹೆಂಗಸೇ ಯಾಕೆ ಓದ್ಬಾರ್ದು? ಹಲಗೆ ಬರೆದವರು ಹಳೇ ಕಾಲದವರು. ನಮ್ಮ ರಾಣಿಯವರ ಸೊಸೇನೇ ಇದ್ದಾಳಲ್ಲ, ಬಸ್ ನಿಲ್ದಾಣದಲ್ಲಿ ಮೈಕಲ್ಲಿ ಕೂಗೋಳು. ಎಂಥಾ ಸ್ಪಷ್ಟ ಧ್ವನಿ! ಹೊರಗಿನವರಿಗೆ ಹೋಗೋದು ಬೇಡ, ಪಾತ್ರ ಮನೇಲೇ ಉಳಿಯುತ್ತೆ."

ಪಾತ್ರ ಮನೆಯಲ್ಲೇ ಉಳಿಯುವುದನ್ನು ಕೇಳಿ ಬೀಗದವನು ಸಂತೋಷಪಡಬೇಕೆಂದು ಎಲ್ಲರೂ ಅವನ ಮುಖ ನೋಡಿದರು. ಅವನು ಕೆನ್ನೆ ಹಿಡಿದುಕೊಂಡ.

ಸೊಸೆಯ ಕೆಲಸ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ಇನ್ನೇನು ಹೊರಡಲಿದೆ ಎಂದು ದಿನವಿಡೀ ಹೇಳುವುದು. ಸಾವಿರ ಜನರ ಗದ್ದಲದ ಮೇಲೆ ಹಾದುಹೋಗುವ, ಏರಿಳಿತವಿಲ್ಲದ, ಒಣಗಿದ ಧ್ವನಿ. ಆದರೆ ಮದುವೆಯಾಗಿ ಬಂದಾಗಿನಿಂದ ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಮಾವ ಅಭ್ಯಾಸ ಮಾಡುವಾಗ ತುಟಿಯಲ್ಲೇ ಜೊತೆಗೆ ಹೇಳಿಕೊಳ್ಳುತ್ತಿದ್ದಳು. ರಾಣಿಯ ಮಾತು ಮೊದಲಿನಿಂದ ಕೊನೆಯವರೆಗೆ ಅವಳ ಬಾಯಲ್ಲಿತ್ತು. ಗೂಡಿನಲ್ಲಿ ಎರಡು ಬಸ್ಸುಗಳ ನಡುವೆ ಬಿಡುವು ಸಿಕ್ಕಾಗ ಮೈಕು ಆರಿಸಿ ಹೇಳಿಕೊಂಡದ್ದಿದೆ. ಕಾರ್ಯದರ್ಶಿ ಮನೆಗೇ ಬಂದು ಕೇಳಿದಾಗ "ಓದ್ತೀನಿ ಸರ್" ಎಂದು ಬಾಯಿಂದ ಬಂದುಬಿಟ್ಟಿತು. ಆಮೇಲೆ ಮಾವನ ಕಡೆ ನೋಡಿದಳು. ಮಾವ ಯಾವುದೋ ಹಳೆಯ ಬೀಗದೊಳಗೆ ಕಡ್ಡಿ ತೂರಿಸಿ ಕಿವಿಗೊಟ್ಟು ಕೂತಿದ್ದ.

ಪರೀಕ್ಷೆಗೆಂದು ಹಿಂದಿನ ಕೋಣೆಯಲ್ಲಿ ಅವಳಿಂದ ಓದಿಸಿದರು. ಅವಳು ಕೈ ಕಟ್ಟಿ ನಿಂತು ಓದಿದಳು. ಒಂದು ಮಾತ್ರೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅಗುಳಿ ಇಡಲೇ ಬೇಡವೇ ಎಂದು ರಾಣಿ ಕೇಳುವ ಕಡೆ, ಅಗುಳಿ ಇಡಲೇ ಬೇಡವೇ ಎಂದು ಕೇಳಿದ ಹಾಗೇ ಕೇಳಿದಳು. ಪದ್ಯ ಬಲ್ಲ ಕಿವಿಗೆ ಅದರಲ್ಲೇನೋ ಇತ್ತು. ನಿಜವಾಗಿ ಬಾಗಿಲಲ್ಲಿ ನಿಂತವರು ಹಾಗೆಯೇ ಕೇಳುತ್ತಾರೆ. ಸಮಿತಿಯವರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಾತ್ರೆ ಚೊಕ್ಕವಾಗಿದೆ" ಎಂದ ಬೆರಳಜ್ಜ. ಅವನ ಬೆರಳುಗಳು ಮತ್ತೆ ಕೆಲಸಕ್ಕೆ ಬಂದಿದ್ದವು.

"ಚೊಕ್ಕವಾಗಿದೆ, ಆದ್ರೆ..." ಕಾರ್ಯದರ್ಶಿ ತಲೆ ತುರಿಸಿಕೊಂಡ. "ತಪ್ಪು ತಿಳ್ಕೋಬೇಡಮ್ಮ. ಹೆಂಗಸಿನ ಥರ ಇಲ್ಲ."

"ನಾನು ಹೆಂಗಸೇ ಅಲ್ವಾ ಸರ್?"

"ಅದು ಬೇರೆ ವಿಷಯ. ಈಗ ನಿಮ್ಮ ಮಾವ ಓದಿದ್ರೆ ಒಬ್ಬ ಹೆಂಗಸು ಕಣ್ಣಿಗೆ ಕಟ್ತಾಳೆ. ನೀನು ಓದಿದ್ರೆ ಬಸ್ಸು ಕಣ್ಣಿಗೆ ಕಟ್ಟುತ್ತೆ."

"ಬಸ್ಸಾದ್ರೂ ಸರಿಯಾದ ಹೊತ್ತಿಗೆ ಬಂತಲ್ಲ" ಎಂದ ಬೆರಳಜ್ಜ. ಯಾರೂ ನಗಲಿಲ್ಲ.

ಕೊನೆಗೆ ಒಂದು ತೀರ್ಮಾನವಾಯಿತು. ಹೆಂಗಸಿನಂತೆ ಅಳುವುದನ್ನು ಮಾವನೇ ಸೊಸೆಗೆ ಕಲಿಸಬೇಕು. ಆಮೇಲೆ ಮುಂದಿನ ಸಭೆಯಲ್ಲಿ ಅವಳು ಓದುವುದು, ಅವನು ಜಾಗ ಬಿಟ್ಟುಕೊಡುವುದು.

ಪಾಠ ನಡೆದದ್ದು ಅಡುಗೆಮನೆಯಲ್ಲಿ. ಮಗ ಬೇಕರಿಯ ಒಲೆಯ ಮುಂದೆ ಬೆಳಗಿನ ಜಾವದ ಪಾಳಿ ಮುಗಿಸಿ ಬಂದು, ಮಲಗಿ ಎದ್ದು, ಸಂಜೆಯ ಅಡುಗೆಗೆ ಈರುಳ್ಳಿ ಹೆಚ್ಚುತ್ತ ಕೂತಿದ್ದ. ಆ ಮನೆಯಲ್ಲಿ ಹೆಂಡತಿ ಕೂಗುವವಳು, ಗಂಡ ಬೇಯಿಸುವವನು. ಅದಕ್ಕೆ ಯಾರೂ ಹಲಗೆ ಬರೆದು ಹಾಕಿರಲಿಲ್ಲ, ಹಾಗಾಗಿ ತೊಂದರೆಯಿಲ್ಲದೆ ನಡೆಯುತ್ತಿತ್ತು.

"ಎಡಗೈ ಕತ್ತಿನ ಮೇಲೆ ಬರ್ಲಿ" ಎಂದ ಮಾವ. "ಹಾಗಲ್ಲ. ಕೆರ್ಕೊಳ್ಳೋ ಥರ ಆಯ್ತು. ಬೆರಳು ಬಿಡಿಸಿ, ಮೃದುವಾಗಿ. ತಲೆ ಒಂದು ಕಡೆ ವಾಲ್ಬೇಕು. ಮಾತಿನ ಕೊನೇಲಿ ಉಸಿರು ನಡುಗ್ಬೇಕು."

ಸೊಸೆ ಪ್ರಯತ್ನಿಸಿದಳು. "ಇದನ್ನ ನಿಮಗೆ ಯಾರು ಕಲಿಸಿದ್ದು ಮಾವ?"

"ನನ್ನ ಗುರುಗಳು."

"ಅವರಿಗೆ?"

"ಅವರ ಗುರುಗಳು."

"ಎಲ್ಲ ಗಂಡಸರೇ?"

"ಮತ್ತಿನ್ನೇನು."

"ಒಬ್ಬ ಹೆಂಗಸನ್ನಾದ್ರೂ ಕೇಳಿ ನೋಡಿದ್ರಾ?"

"ನಿಮ್ಮತ್ತೇನ ಒಂದ್ಸಲ ಕೇಳಿದ್ದೆ. ಹೀಗೇ ಮಾಡಿ ತೋರಿಸ್ದೆ. ‘ಗಂಡ ಹೋದ್ರೆ ಯಾರು ಹೀಗೆ ಕತ್ತು ಹಿಡ್ಕೊಂಡು ನಿಲ್ತಾರೆ? ಒಲೆ ಆರ್ಸಿದ್ದೀನಾ ಇಲ್ವಾ ಅಂತ ನೋಡ್ತಾರೆ, ಅವನ ಚಪ್ಪಲಿ ಎತ್ತಿ ಒಳಗಿಡ್ತಾರೆ’ ಅಂದ್ಲು."

"ನೀವೇನಂದ್ರಿ?"

"ನಿನಗೆ ಕಾವ್ಯ ಅರ್ಥ ಆಗಲ್ಲ ಸುಮ್ನಿರು, ಅಂದೆ."

ಈರುಳ್ಳಿ ಹೆಚ್ಚುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

"ಸರಿ, ಈ ಜಾಗ ನೋಡು" ಎಂದು ಮಾವ ಅಗುಳಿಯ ಸಾಲು ಹಿಡಿದ. ತಾನೇ ಹೇಳಿ ತೋರಿಸಲು ಹೊರಟ. ‘ಇಡದೆ ಕಾಯಲೆ’ ಎಂದವನು ಅಲ್ಲೇ ನಿಂತ. ಕತ್ತಿನ ಮೇಲೆ ಕೈಯಿಲ್ಲ, ತಲೆ ವಾಲಿಲ್ಲ. ಬಾಯಿ ಸುಮ್ಮನೆ ತೆರೆದುಕೊಂಡಿದೆ, ಗಂಟಲು ಮಾತ್ರ ಏರಿಳಿಯುತ್ತಿದೆ. ಶಾಲಿಲ್ಲದ ಮುಖವನ್ನು ಸೊಸೆ ಆ ಸಾಲಿನಲ್ಲಿ ನೋಡಿದ್ದು ಅದೇ ಮೊದಲು.

"ಮಾವ, ಇದು ಹಲ್ಲಲ್ಲ."

"ಹಲ್ಲೇ."

"ನೀವು ಕೀಳಿಸ್ಕೊಂಡಿದ್ದು ಆ ಪಕ್ಕದ್ದು. ದೊರೆಯೆ ಅನ್ನೋಕೆ ಅದರ ಹಂಗೇ ಇಲ್ಲ."

ಮಾವ ನೆಲ ನೋಡಿದ. "ಆ ಜಾಗಾನೂ ಹೋದ್ರೆ ನಾನು ಎಲ್ಲಿಗೆ ಹೋಗ್ಲಿ ಹೇಳು? ವಾರಕ್ಕೊಂದ್ಸಲ ಶಾಲು ಹೊದ್ಕೊಂಡ್ರೆ ಅವಳಿಗೆ ಅಂತ ಒಂದಿಷ್ಟು ಅತ್ತು ಬರ್ತಿದ್ದೆ."

"ಇಲ್ಲೇ ಅಳಬಹುದಲ್ಲ ಮಾವ. ಮನೆ ತಾನೇ."

"ಇಲ್ಲಿ ನಾನು ನಿನ್ನ ಮಾವ" ಎಂದ. "ಅವನ ಅಪ್ಪ."

ಮಗ ಚಾಕು ಕೆಳಗಿಟ್ಟ. ಒದ್ದೆ ಕಣ್ಣು ತೋಳಿನಿಂದ ಒರೆಸಿಕೊಂಡು, ಮಣೆಯನ್ನು ಅಪ್ಪನ ಕಡೆ ಸರಿಸಿದ. "ನೀವೂ ಒಂದೆರಡು ಹೆಚ್ಚಿ ನೋಡಿ ಅಪ್ಪ. ನಾನು ಅಮ್ಮ ಹೋದಾಗಿಂದ ಇದರಲ್ಲೇ ನಿಭಾಯಿಸ್ತಿದ್ದೀನಿ. ಯಾರೂ ಏನೂ ಕೇಳಲ್ಲ."

ಇಷ್ಟು ತಿಂಗಳಿಂದ ಮನೆಯ ಅಡುಗೆಯಲ್ಲಿ ಈರುಳ್ಳಿ ಯಾಕೆ ಇಷ್ಟು ಹೆಚ್ಚಾಗಿದೆಯೆಂದು ಸೊಸೆಗೆ ಆಗ ಗೊತ್ತಾಯಿತು. ಬೀಗದವನು ಚಾಕು ತೆಗೆದುಕೊಂಡು ಹೆಚ್ಚಿದ. ಒಂದು, ಇನ್ನೊಂದು. ಲೋಹದ ಪುಡಿ ಕುಡಿದು ಗಟ್ಟಿಯಾದ ಕಣ್ಣು. ಒಂದು ಹನಿಯೂ ಬರಲಿಲ್ಲ. "ನನಗೆ ಇದು ಆಗ್ಬರಲ್ಲ ಕಣೋ" ಎಂದು ಮಣೆ ವಾಪಸು ಕೊಟ್ಟ.

"ನಾನು ಓದಲ್ಲ ಅಂತ ಹೇಳ್ಬಿಡ್ತೀನಿ" ಎಂದಳು ಸೊಸೆ. ಹೇಳುವಾಗ ಧ್ವನಿಯಲ್ಲಿ ಎಂದೂ ಇಲ್ಲದ ಏರಿಳಿತವಿತ್ತು.

ಮಾವ ಅವಳನ್ನು ನೋಡಿದ. ಬಾಗಿಲ ಹಿಂದಿನಿಂದ ತುಟಿಯಲ್ಲಿ ಜೊತೆಗೂಡುತ್ತಿದ್ದವಳನ್ನು ಅವನು ಯಾವತ್ತೋ ಗಮನಿಸಿದ್ದ. ಗಮನಿಸಿಲ್ಲವೆಂಬಂತೆ ಇರುವುದು ಮಾವನ ಕೆಲಸವಾಗಿತ್ತು. ಅಳಲು ಜಾಗ ಬೇಕೆಂಬುದು ಅವನ ಆಸೆ. ಆದರೆ ಪದ್ಯದ ಒಂದು ಸಾಲು ವಾರ ವಾರವೂ ಕುಂಟುತ್ತಿರುವುದು ತನ್ನಿಂದ. ಚಿಕ್ಕಂದಿನಲ್ಲಿ ಗುರುಗಳ ಕಾಲ ಬುಡದಲ್ಲಿ ಕೂತು, ಪದ್ಯ ದೇವರ ಮುಂದಿನ ದೀಪವಿದ್ದ ಹಾಗೆ, ಎಣ್ಣೆ ಚೆಲ್ಲಬಾರದು ಎಂದು ಕೇಳಿ ಬೆಳೆದವನು ಅವನು.

"ಬೇಡ. ನೀನೇ ಓದು" ಎಂದ. "ನಿನ್ನ ಸಾಲು ನೆಟ್ಟಗಿದೆ."

ಅಷ್ಟು ಹೇಳಲು ಅವನಿಗೆ ಹಲ್ಲು ಕೀಳಿಸಿಕೊಂಡದ್ದಕ್ಕಿಂತ ಹೆಚ್ಚು ನೋವಾಯಿತು.

ಸಭೆಯ ದಿನ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ಕಾರ್ಯದರ್ಶಿ ಮಹಿಳೆಯರ ಪ್ರಗತಿಯ ಬಗ್ಗೆ ಉದ್ದನೆಯ ಮಾತಾಡಿದ. ಹಿಂದಿನ ಬೆಂಚಿನ ಹೆಂಗಸರಿಗೆ ಅರ್ಧಕ್ಕರ್ಧ ಕೇಳಿಸಲಿಲ್ಲ. ಬೀಗದವನನ್ನು ಗೌರವಪೂರ್ವಕವಾಗಿ ಮೊದಲ ಸಾಲಿನಲ್ಲಿ ಬೆರಳಜ್ಜನ ಪಕ್ಕ ಕೂರಿಸಿದರು. ಶಾಲು ಮಡಚಿ ಮೇಜಿನ ಮೇಲಿಟ್ಟಿತ್ತು. ಬರಿದಲೆಯಲ್ಲಿ ಕೂತ ಅವನಿಗೆ ಬೀದಿಯ ನಡುವೆ ಅಂಗಿಯಿಲ್ಲದೆ ಕೂತಂತಾಗಿತ್ತು.

ಸೊಸೆ ಓದಿದಳು. ಮೊದಲಿಗೆ ಕೈಯನ್ನು ಕತ್ತಿನ ಮೇಲಿಟ್ಟುಕೊಂಡಳು, ತಲೆ ವಾಲಿಸಿದಳು. ಹತ್ತು ಪದ್ಯ ಆಗುವಷ್ಟರಲ್ಲಿ ಕೈ ತಾನಾಗಿ ಕೆಳಗಿಳಿಯಿತು, ತಲೆ ನೆಟ್ಟಗಾಯಿತು. ಅವಳ ಧ್ವನಿ ಅವಳದೇ ಆಯಿತು. ಸಭೆ ತಣ್ಣಗೆ ಕೂತಿತ್ತು. ಯಾರೋ ಆಕಳಿಸಿದರು. ಕಾರ್ಯದರ್ಶಿ ಪ್ರಗತಿಯ ಮೇಲಿನ ನಂಬಿಕೆಯನ್ನು ಮುಖದ ಮೇಲೆ ಹಿಡಿದಿಟ್ಟುಕೊಳ್ಳಲು ಕಷ್ಟಪಡುತ್ತಿದ್ದ.

‘ಅಗುಳಿಯನು ಇಡಲೆ ನಾ ಇಡದೆ ಕಾಯಲೆ ದೊರೆಯೆ’

ಆ ಸಭೆಯಲ್ಲಿ ಬಹಳ ದಿನಗಳ ಮೇಲೆ ದೊರೆ ಬಂದ. ಸ್ಪಷ್ಟವಾಗಿ, ಪೂರ್ತಿಯಾಗಿ, ಒಂದು ಮಾತ್ರೆಯೂ ಕಳೆಯದೆ. ತನ್ನ ಬಾಯಿಗೆ ಬಾರದ ಶಬ್ದ ಇನ್ನೊಬ್ಬರ ಬಾಯಲ್ಲಿ ಬಂದು ಕಿವಿಗೆ ಬಿದ್ದದ್ದೇ, ಬೀಗದವನು ತುಟಿ ಕಚ್ಚಿಕೊಂಡ. ಕಚ್ಚಿ ಹಿಡಿಯಲು ಆಗಲಿಲ್ಲ. ಮೊದಲ ಸಾಲಿನಲ್ಲಿ, ದೀಪದ ಬೆಳಕಿನಲ್ಲಿ, ಶಾಲಿಲ್ಲದೆ, ಮೀಸೆಯ ಮೇಲೆ ನೀರು ಸುರಿಸುತ್ತ, ದೊಡ್ಡ ದನಿಯಲ್ಲಿ ಅತ್ತ. ಮೂಗೂ ಸೋರಿತು.

ಕುರ್ಚಿಗಳೆಲ್ಲ ಕಿರ್ರೆಂದು ತಿರುಗಿದವು. ಕಾರ್ಯದರ್ಶಿ ಅರ್ಧ ಎದ್ದ. ಸೊಸೆ ಸಾಲಿನ ಕೊನೆಯಲ್ಲಿ ನಿಂತಳು. ಉಸಿರು ತೆಗೆದುಕೊಳ್ಳಲು ಅಲ್ಲಿ ಅವಕಾಶವಿದೆ, ಅದನ್ನು ಅವಳು ಬೇಕಾದಷ್ಟು ಉದ್ದ ಮಾಡಿದಳು. ಮಾವನ ಅಳು ಒಂದು ಅಲೆ ಇಳಿದ ಮೇಲೆ ಮುಂದಿನ ಸಾಲು ಹಿಡಿದಳು. ಅಷ್ಟರಲ್ಲಿ ಹಿಂದಿನ ಬೆಂಚುಗಳಲ್ಲಿ ಮೂಗು ಎಳೆಯುವ ಸದ್ದು. ಆಮೇಲೆ ಮುಂದಿನ ಕುರ್ಚಿಗಳಲ್ಲಿ ಧಾರಾಳವಾಗಿ ಕೆಮ್ಮು. ತಡೆದುಕೊಳ್ಳಲಾಗದೆ ಎದ್ದು ಹೋದವರೂ ಇದ್ದರು, ನಿಯಮದ ಪ್ರಕಾರ.

ಓದು ಮುಗಿದದ್ದೇ ಹಿಂದಿನ ಕೋಣೆಯಲ್ಲಿ ಸಮಿತಿ ಸೇರಿತು. ಎಲ್ಲರಿಗೂ ಗಾಬರಿ. ಗಂಡಸೊಬ್ಬ ಸಭೆಯಲ್ಲಿ ಅತ್ತದ್ದು ಹೌದೋ ಅಲ್ಲವೋ, ಹೌದಾದರೆ ಹಲಗೆಯ ಗತಿಯೇನು?

"ತಪ್ಪಾಯ್ತು" ಎಂದ ಬೀಗದವನು. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. "ಹಲ್ಲಲ್ಲ ಅದು. ಮೊದಲಿಂದಲೂ ಅಲ್ಲ. ನಾನು ನಿಜವಾಗಿ ಅಳ್ತಿದ್ದೆ. ನನ್ನ ಹೆಂಡ್ತಿ ಹೋದ ಮೇಲೆ..."

ಕಾರ್ಯದರ್ಶಿ ದೊಡ್ಡದಾಗಿ ನಕ್ಕು ಅವನ ಭುಜ ತಟ್ಟಿದ. "ನೋಡಿದ್ರಾ, ಕಲಾವಿದರ ವಿನಯ ಅಂದ್ರೆ ಇದು! ನಿಮ್ಮ ಮನೇಲಿ ನಾನೇ ಇದ್ದೆನಲ್ರೀ ಆವತ್ತು, ಒಂದು ಹನಿ ಹಾಕ್ಲಿಲ್ಲ ನೀವು. ಈಗ ಸೊಸೆ ಸೋಲ್ತಿದ್ದಾಳೆ ಅಂತ ಗೊತ್ತಾಗಿ, ಕೂತಲ್ಲಿಂದಾನೇ ರಾಣಿಯ ಅಳು ಒದಗಿಸಿದ್ರಿ. ಅಬ್ಬಾ!"

"ಒದಗಿಸಿದ್ದಲ್ಲ..."

"ಮಾತ್ರೆ ಒಂದೂ ಬೀಳ್ಲಿಲ್ಲ" ಎಂದ ಬೆರಳಜ್ಜ ನಡುವೆಯೇ. ಅವನ ಧ್ವನಿ ಯಾಕೋ ಕಟ್ಟಿತ್ತು. "ಅಳುವೂ ಬಂತು. ಎರಡೂ ಬಂತು."

ಆ ಮಾತಿನಿಂದ ಕಾರ್ಯದರ್ಶಿಗೆ ದಾರಿ ಕಂಡಿತು. ಹಲಗೆಗೂ ಧಕ್ಕೆಯಿಲ್ಲ, ಪ್ರಗತಿಗೂ ಧಕ್ಕೆಯಿಲ್ಲ. ಇನ್ನು ಮುಂದೆ ರಾಣಿಯ ಮಾತನ್ನು ಸೊಸೆ ಓದತಕ್ಕದ್ದು. ರಾಣಿಯ ಅಳುವನ್ನು ಮಾವ, ಪಕ್ಕದಲ್ಲಿ ಕೂತು, ಅಳತಕ್ಕದ್ದು. ಹೆಂಗಸು ಅಳುವುದಿಲ್ಲ, ಆದ್ದರಿಂದ ಛಂದಸ್ಸು ಕೆಡುವುದಿಲ್ಲ. ಅಳುವವನು ಓದುವುದಿಲ್ಲ, ಆದ್ದರಿಂದ ಕೆಡಿಸಲು ಅವನ ಬಳಿ ಛಂದಸ್ಸೇ ಇಲ್ಲ. ಸ್ಥಾಪಕರ ಅಭಿಪ್ರಾಯವೂ ಮೂಲದಲ್ಲಿ ಇದೇ ಇದ್ದಿರಬೇಕು ಎಂದು ಎಲ್ಲರಿಗೂ ತೋರಿತು. ಶಾಲು ಮಾತ್ರ ಕಡ್ಡಾಯ. ಇಲ್ಲದಿದ್ದರೆ ಗಂಡಸು ಅಳುತ್ತಿದ್ದಾನೆಂದು ಜನ ತಪ್ಪು ತಿಳಿದಾರು.

"ಸರ್, ನನ್ನ ಓದು ಹೆಂಗಸಿನ ಥರ ಇಲ್ಲ ಅಂದಿದ್ರಲ್ಲ?" ಎಂದಳು ಸೊಸೆ.

"ಅದನ್ನ ನಿಮ್ಮ ಮಾವ ನೋಡ್ಕೊಳ್ತಾರಮ್ಮ" ಎಂದ ಕಾರ್ಯದರ್ಶಿ.

ಹಾಗೆ ನಡೆಯತೊಡಗಿತು. ವಾರಕ್ಕೊಮ್ಮೆ ಮಾವ, ಸೊಸೆ ಜೊತೆಯಾಗಿ ಹೋಗುತ್ತಿದ್ದರು. ಅವಳು ನೆಟ್ಟಗೆ ಕೂತು ಓದುತ್ತಿದ್ದಳು, ಅವನು ಶಾಲು ಹೊದ್ದು ಅಳುತ್ತಿದ್ದ. ಒಮ್ಮೊಮ್ಮೆ ರಾಣಿ ಸಂತೋಷವಾಗಿರುವ ಕಡೆಯೂ ಅತ್ತುಬಿಡುತ್ತಿದ್ದ. ಮುಂದಾಗುವುದನ್ನು ರಾಣಿ ಮೊದಲೇ ಬಲ್ಲಳೆಂದು ಸಭೆಯ ಪಂಡಿತರು ಅದಕ್ಕೂ ಅರ್ಥ ಹೇಳಿದರು. ಮನೆಗೆ ವಾಪಸು ಬರುವಾಗ "ಇವತ್ತು ಹೆಚ್ಚಾಯ್ತಾ?" ಎಂದು ಕೇಳುತ್ತಿದ್ದ. "ಇಲ್ಲ ಮಾವ, ಇನ್ನೂ ಸ್ವಲ್ಪ ಬಾಕಿ ಇದ್ದ ಹಾಗಿತ್ತು" ಎನ್ನುತ್ತಿದ್ದಳು ಅವಳು.

ಒಂದು ಬೆಳಿಗ್ಗೆ ಬೀಗದ ಅಂಗಡಿಗೆ ಬೆರಳಜ್ಜ ಬಂದ. ಕೈಯಲ್ಲಿ ಬೀಗವಿರಲಿಲ್ಲ, ಕೀಲಿಯೂ ಇ‌ರಲಿಲ್ಲ. ತೂಗುಹಾಕಿದ ಕೀಲಿಗಳನ್ನೆಲ್ಲ ಬಹಳ ಆಸಕ್ತಿಯಿಂದ ನೋಡಿದ. ಹವೆಯ ಬಗ್ಗೆ ಮಾತಾಡಿದ. ಎದುರಂಗಡಿಯವನು ಒಳಗೆ ಹೋದದ್ದನ್ನು ನೋಡಿಕೊಂಡು ಹತ್ತಿರ ಬಾಗಿದ.

"ಅಲ್ಲ, ಮನುಷ್ಯರಿಗೆ ಆರೋಗ್ಯ ಒಂದೇ ಥರ ಇರಲ್ಲ. ನಾಳೆ ನಿಮಗೆ ನೆಗಡಿ ಗಿಗಡಿ ಆಯ್ತು ಅನ್ನಿ. ಅಳೋ ಜಾಗ ಖಾಲಿ ಬೀಳಬಾರ್ದು ನೋಡಿ. ಸಭೆ ದೃಷ್ಟಿಯಿಂದ ಹೇಳ್ತಿದ್ದೀನಿ."

"ನಿಜ" ಎಂದ ಬೀಗದವನು.

"ಇನ್ನೊಬ್ರು ಯಾರಾದ್ರೂ ತಯಾರಿದ್ರೆ ಒಳ್ಳೇದು."

"ಒಳ್ಳೇದೇ. ಯಾರಿದ್ದಾರೆ ಅಂಥವರು?"

ಬೆರಳಜ್ಜ ಗಂಟಲು ಸರಿಮಾಡಿಕೊಂಡ. ಇನ್ನೂ ಹತ್ತಿರ ಬಂದ. "ನನಗೊಬ್ಬ ತಮ್ಮ ಇದ್ದ" ಎಂದ. ಅಷ್ಟೇ ಹೇಳಿದ, ಅಲ್ಲಿಂದ ಮುಂದೆ ಅವನಿಗೂ ಬರಲಿಲ್ಲ.

ಬೀಗದವನು ಅರ ಕೆಳಗಿಟ್ಟು ಕೈ ಒರೆಸಿಕೊಂಡ. ಎದ್ದು ಹೋಗಿ ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಎಳೆದ. ಒಳಗಿನಿಂದ ಇನ್ನೊಂದು ಸ್ಟೂಲು ತಂದು ತನ್ನ ಪಕ್ಕದಲ್ಲಿ ಹಾಕಿದ.

"ಕೂತ್ಕೊಳ್ಳಿ ಅಜ್ಜ. ಅವಸರ ಇಲ್ಲ" ಎಂದ. "ಅವನು ಹೇಗಿದ್ದ, ಮೊದ್ಲು ಅದನ್ನ ಹೇಳಿ."